ಒಬ್ಬರ ಟಿಕೆಟ್ ಇನ್ನೊಬ್ಬರ ಹೆಸರಿಗೆ ಹೋಗದಿರಲು: ಮಿಡಲ್‌ವೇರ್‌ನಲ್ಲಿ ರಿಕ್ವೆಸ್ಟ್ ಮಾಹಿತಿ ಇಡುವ ಬಗೆ

ಮಾಟುಂಗಾದಲ್ಲಿ ನಡೆಯುವ ಕನ್ನಡ ನಾಟಕಕ್ಕೆ ಟಿಕೆಟ್ ಕೊಡುವ ವೆಬ್‌ಸೈಟೊಂದು ಇದೆ ಎನ್ನಿ. ಡೊಂಬಿವಲಿಯವರೊಬ್ಬರು ಕನ್ನಡ ಪುಟ ತೆರೆದ ಹೊತ್ತಿಗೇ ಪುಣೆಯ ಹಿಂಜೆವಾಡಿಯಿಂದ ಇನ್ನೊಬ್ಬರು ಮರಾಠಿ ಪುಟ ತೆರೆಯುತ್ತಾರೆ. ಲಾಗಿನ್ ಆದವರು ಯಾರು, ಭಾಷೆ ಯಾವುದು, ರಿಕ್ವೆಸ್ಟ್‌ನ (ಬ್ರೌಸರ್ ಸರ್ವರ್‌ಗೆ ಕಳಿಸುವ ಕೋರಿಕೆಯ) ಗುರುತು ಸಂಖ್ಯೆ ಏನು ಎಂಬ ಮಾಹಿತಿ ಆ ಒಂದು ರಿಕ್ವೆಸ್ಟ್ ಮುಗಿಯುವವರೆಗೆ ಮಾತ್ರ ಬೇಕು. ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಮತ್ತು ಅದರ ಮೇಲೆ ವೆಬ್‌ಸೈಟ್ ಕಟ್ಟಲು ಬಳಸುವ ಎಕ್ಸ್‌ಪ್ರೆಸ್‌ನಲ್ಲಿ ಅದನ್ನು ಇಡುವ ಕ್ರಮ ಹೀಗೆ.

ಗ್ಲೋಬಲ್ ವೇರಿಯಬಲ್ ಬೇಡವೇ ಬೇಡ. ನೋಡ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಹಾಗಾಗಿ ತೊಂದರೆಯಿಲ್ಲ ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಡೊಂಬಿವಲಿಯವರ ರಿಕ್ವೆಸ್ಟ್ ಡೇಟಾಬೇಸ್‌ಗಾಗಿ ‘ಅವೇಟ್’ ಸಾಲಿನಲ್ಲಿ ಕಾಯುತ್ತಿರುವಾಗ ಅದೇ ಥ್ರೆಡ್ ಪುಣೆಯವರದನ್ನು ಕೈಗೆತ್ತಿಕೊಂಡು, ಅದೇ ವೇರಿಯಬಲ್‌ನಲ್ಲಿ ಅವರ ಹೆಸರು ತುಂಬುತ್ತದೆ. ಡೇಟಾಬೇಸ್ ಉತ್ತರ ಬರುವಷ್ಟರಲ್ಲಿ ಡೊಂಬಿವಲಿಯವರ ಟಿಕೆಟ್ ಮೇಲೆ ಪುಣೆಯವರ ಹೆಸರು! ‘ಆ್ಯಪ್.ಲೋಕಲ್ಸ್’ನಲ್ಲಿ ಇಟ್ಟರೂ ಇದೇ ಗತಿ, ಅದು ಇಡೀ ಆ್ಯಪ್‌ಗೆ ಒಂದೇ.

ಮೊದಲ ಹೆಜ್ಜೆ: ಎಲ್ಲ ರೂಟ್‌ಗಳಿಗಿಂತ (ಒಂದೊಂದು ವಿಳಾಸಕ್ಕೆ ಉತ್ತರ ಕೊಡುವ ಕೋಡ್) ಮೇಲೆ ಒಂದು ಮಿಡಲ್‌ವೇರ್, ಅಂದರೆ ರಿಕ್ವೆಸ್ಟ್ ರೂಟ್ ತಲುಪುವ ಮೊದಲು ಓಡುವ ಫಂಕ್ಷನ್, ಬರೆಯಿರಿ. ಕೆಳಗೆ ಬರೆದರೆ ರೂಟ್ ಮೊದಲೇ ಓಡಿ ‘ಅನ್‌ಡಿಫೈನ್ಡ್’ ಸಿಗುತ್ತದೆ. ಗುರುತಿಗೆ ಕ್ರಿಪ್ಟೊ ಮಾಡ್ಯೂಲಿನ ‘ರ‍್ಯಾಂಡಮ್‌ಯುಯುಐಡಿ’ ಸಾಕು, 36 ಅಕ್ಷರದ ಗುರುತು ಕೊಡುತ್ತದೆ. ಹೊರಗಿನಿಂದ ಹೆಡರ್‌ನಲ್ಲಿ ಬಂದ ಗುರುತನ್ನು ಉದ್ದ ಮತ್ತು ಅಕ್ಷರ ಪರೀಕ್ಷಿಸದೆ ಲಾಗ್‌ಗೆ ಬಿಡಬೇಡಿ. ಕೊನೆಗೆ, ರಿಕ್ವೆಸ್ಟನ್ನು ಮುಂದಿನ ಹಂತಕ್ಕೆ ದಾಟಿಸುವ ‘ನೆಕ್ಸ್ಟ್’ ಕರೆಯಲೇಬೇಕು. ಮರೆತರೆ ಉತ್ತರವೇ ಹೋಗದು. ನೋಡ್‌ನ ಮುಂದೆ ರಿಕ್ವೆಸ್ಟ್‌ಗಳನ್ನು ದಾಟಿಸುವ ಎಂಜಿನ್‌ಎಕ್ಸ್ ಸರ್ವರ್ ಇದ್ದರೆ, ಅದು ತನ್ನ ಡೀಫಾಲ್ಟ್ ಮಿತಿಯಾದ 60 ಸೆಕೆಂಡ್ ಕಾದು 504 (ಸಮಯ ಮೀರಿತು) ಎಂಬ ದೋಷ ತೋರಿಸುತ್ತದೆ.

ಎರಡನೆಯದು, ಇಡುವ ಜಾಗ. ಭಾಷೆ, ಹೆಸರು ಇತ್ಯಾದಿ ಪುಟದಲ್ಲಿ ಕಾಣಬೇಕಾದದ್ದು ‘ರೆಸ್.ಲೋಕಲ್ಸ್’ನಲ್ಲಿರಲಿ. ‘ರೆಂಡರ್’ ಮಾಡುವಾಗ ಅದು ಟೆಂಪ್ಲೇಟ್‌ಗೆ ತಾನಾಗಿ ಸಿಗುತ್ತದೆ. ಅದೇ ಕಾರಣಕ್ಕೆ ಟೋಕನ್, ಪಾಸ್‌ವರ್ಡ್ ಹ್ಯಾಶ್ ಅಲ್ಲಿ ಇಡಬಾರದು. ಬಳಕೆದಾರರ ಪೂರ್ಣ ದಾಖಲೆ ಬೇಕಾದರೆ ‘ರೆಕ್.ಯೂಸರ್’ನಲ್ಲಿ ಇಡಿ (‘ರೆಕ್’ ಎಂದರೆ ರಿಕ್ವೆಸ್ಟ್ ಆಬ್ಜೆಕ್ಟ್). ಡೇಟಾಬೇಸ್ ಪೂಲ್ (ಮರುಬಳಕೆಗೆ ತೆರೆದಿಟ್ಟ ಸಂಪರ್ಕಗಳು), ಸೆಟ್ಟಿಂಗ್‌ಗಳು ರಿಕ್ವೆಸ್ಟ್‌ನ ಸ್ವತ್ತಲ್ಲ, ಅವನ್ನು ಇಲ್ಲಿ ತುರುಕಬೇಡಿ.

ಮೂರನೆಯದೇ ನಿಜವಾದ ಕಸರತ್ತು. ನಾಲ್ಕು ಫಂಕ್ಷನ್ ಒಳಗಿರುವ ಲಾಗರ್‌ಗೂ ಗುರುತು ಬೇಕು, ಆದರೆ ಪ್ರತಿ ಫಂಕ್ಷನ್‌ಗೂ ‘ರೆಕ್’ ಹೊತ್ತುಕೊಂಡು ಹೋಗುವುದು ಕಷ್ಟ. ಇದಕ್ಕೆ ನೋಡ್‌ನಲ್ಲಿಯೇ ‘ಅಸಿಂಕ್‌ಲೋಕಲ್‌ಸ್ಟೋರೇಜ್’ ಇದೆ: ಒಂದೊಂದು ರಿಕ್ವೆಸ್ಟ್‌ಗೂ ಪ್ರತ್ಯೇಕ ಸ್ಟೋರ್ ಕೊಟ್ಟು, ‘ಅವೇಟ್’ ದಾಟಿದರೂ ಅದನ್ನು ಜೊತೆಗಿಡುತ್ತದೆ. ಒಂದು ಫೈಲ್‌ನಲ್ಲಿ ಒಂದೇ ಒಂದನ್ನು ಸೃಷ್ಟಿಸಿ ಎಲ್ಲೆಡೆ ಅದನ್ನೇ ಇಂಪೋರ್ಟ್ ಮಾಡಿ. ಮಿಡಲ್‌ವೇರ್‌ನಲ್ಲಿ ಅದರ ‘ರನ್’ಗೆ ಹೊಸ ಮ್ಯಾಪ್ ಕೊಟ್ಟು, ‘ನೆಕ್ಸ್ಟ್’ ಅನ್ನು ಆ ರನ್‌ನ ಒಳಗೇ ಕರೆಯಿರಿ. ಹೊರಗೆ ಕರೆದರೆ, ಆ ಮ್ಯಾಪ್ ತಂದುಕೊಡಬೇಕಾದ ‘ಗೆಟ್‌ಸ್ಟೋರ್’ ಬರಿಗೈಯಲ್ಲಿ ಬರುತ್ತದೆ. ಹಳೆಯ ಕಾಲ್‌ಬ್ಯಾಕ್ ಲೈಬ್ರರಿಗಳು, ಅದರಲ್ಲೂ ತಮ್ಮದೇ ಪೂಲ್ ಇರುವಂಥವು, ಈ ಕೊಂಡಿಯನ್ನು ಕಳಚುವುದುಂಟು. ಅಂಥ ಕಾಲ್‌ಬ್ಯಾಕನ್ನು ‘ಅಸಿಂಕ್‌ರಿಸೋರ್ಸ್.ಬೈಂಡ್’ನಿಂದ ಸುತ್ತಿ. ಇಮೇಲ್ ಕಳಿಸುವ ಕೆಲಸ ಕ್ಯೂ ಮೂಲಕ ಬೇರೆ ಪ್ರೊಸೆಸ್‌ಗೆ ಹೋದರೆ ಸ್ಟೋರ್ ಜೊತೆಗೆ ಹೋಗುವುದಿಲ್ಲ, ಗುರುತನ್ನು ಸಂದೇಶದಲ್ಲೇ ಬರೆದು ಕಳಿಸಬೇಕು.

ಬೇರೆ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಒಂದೆರಡು ಮಾತು. ಜಾವಾದ ‘ಥ್ರೆಡ್‌ಲೋಕಲ್’ (ಥ್ರೆಡ್‌ಗೊಂದು ಪ್ರತ್ಯೇಕ ಮೌಲ್ಯ ಇಡುವ ಜಾಗ) ಬಳಸಿದರೆ ‘ಫೈನಲಿ’ ಭಾಗದಲ್ಲಿ ‘ರಿಮೂವ್’ ಮಾಡಿ. ಪೂಲ್‌ನ ಅದೇ ಥ್ರೆಡ್ ಮುಂದಿನ ರಿಕ್ವೆಸ್ಟ್‌ಗೂ ಹೋಗುವುದರಿಂದ ಹಿಂದಿನವರ ಹೆಸರು ಅಲ್ಲೇ ಉಳಿದಿರುತ್ತದೆ. ಗೋ (Go) ಭಾಷೆಯಲ್ಲಿ ‘ವಿತ್‌ಕಾಂಟೆಕ್ಸ್ಟ್’ ಕೊಡುವುದು ರಿಕ್ವೆಸ್ಟ್‌ನ ಹೊಸ ಪ್ರತಿ, ಮುಂದಿನ ಹ್ಯಾಂಡ್ಲರ್‌ಗೆ ಅದನ್ನೇ ಕೊಡಿ.

ಲ್ಯಾಪ್‌ಟಾಪ್‌ನಲ್ಲಿ ಒಂದೊಂದೇ ರಿಕ್ವೆಸ್ಟ್ ಕಳಿಸಿದರೆ ಗ್ಲೋಬಲ್ ವೇರಿಯಬಲ್‌ನಿಂದಾಗುವ ಅದಲುಬದಲು ಕಾಣದು. ಪರೀಕ್ಷೆಗೆಂದು ರೂಟ್‌ನಲ್ಲಿ, ಮಾಹಿತಿ ಓದುವ ಸಾಲಿಗೆ ಮೊದಲು, ಕನ್ನಡ ರಿಕ್ವೆಸ್ಟ್‌ಗೆ ಮಾತ್ರ 2 ಸೆಕೆಂಡ್ ‘ಅವೇಟ್’ ಹಾಕಿ. ಎರಡು ಟರ್ಮಿನಲ್ ತೆರೆದು ಮೊದಲು ಕನ್ನಡದ್ದನ್ನು, ಅದು ಕಾಯುತ್ತಿರುವಾಗಲೇ ಮರಾಠಿಯದನ್ನು ಕಳಿಸಿ. ಕನ್ನಡ ಕೇಳಿದವರಿಗೆ ಮರಾಠಿ ಪುಟ ಬಂದರೆ ಎಲ್ಲೋ ಹಂಚಿಕೊಂಡ ವೇರಿಯಬಲ್ ಉಳಿದಿದೆ. ಹುಡುಕಾಟವನ್ನು ಫೈಲ್‌ಗಳ ಮೇಲ್ತುದಿಯ ‘ಲೆಟ್’ ಸಾಲುಗಳಿಂದ ಶುರುಮಾಡಿ.