ಟೈರನ್ನೇ ಶಾಕ್ ಮಾಡಿಕೊಂಡ ಸೈಕಲ್

ಹಿಂದಿನ ಗಾಲಿಗೆ ಶಾಕ್ ಅಬ್ಸಾರ್ಬರ್ ಇಲ್ಲ, ಮುಂದಿನದಕ್ಕೂ ಇಲ್ಲ. ಇಂಥ ಮೌಂಟನ್ ಬೈಕನ್ನು ಈ ಕಾಲದಲ್ಲಿ ಯಾರಾದ್ರೂ ಕೂತು ಜೋಡಿಸ್ತಾರಾ ಅಂತ ಕೇಳುವವರಿದ್ದಾರೆ. ಮೌಂಟನ್ ಬೈಕ್ ಹುಟ್ಟಿದ್ದೇ ಹಾಗಲ್ವಾ? 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ರೀಪ್ಯಾಕ್ ಅನ್ನೋ ಗುಡ್ಡ ಇಳಿಯುವ ರೇಸ್ ಶುರುವಾದಾಗ ಇಳಿಜಾರಿಗೆ ಬಂದಿದ್ದು ಹಳೇ ದಪ್ಪ ಟೈರಿನ ಸೈಕಲ್‌ಗಳು. ಮರುವರ್ಷ ಅಲ್ಲೇ ರೇಸಿಗಿಳಿಯುತ್ತಿದ್ದ ಜೋ ಬ್ರೀಜ್ ಈ ಆಟಕ್ಕೆ ಅಂತಲೇ ಹೊಸ ಫ್ರೇಮ್ ಕಟ್ಟಿದರು. ಅದರಲ್ಲೂ ಶಾಕ್ ಇರಲಿಲ್ಲ.

ಅಂಥದೊಂದು ಸೈಕಲನ್ನು ನಾನೇ ಜೋಡಿಸಿದೆ, ಸುಮ್ನೆ ಖುಷಿಗೆ. ಆದರೂ ಒಂದು ನಿಯಮ ಇಟ್ಟುಕೊಂಡೆ: ಮೊದಲು ಟೈರ್, ಆಮೇಲೆ ಉಳಿದದ್ದು. ಶಾಕ್ ಇಲ್ಲದ ಸೈಕಲ್‌ನಲ್ಲಿ ಏಟು ತಿನ್ನುವುದು ಟೈರು, ಅದು ಬಿಟ್ಟರೆ ನಮ್ಮ ಮೈ. ಹಾಗಾಗಿ 29 ಇಂಚಿನ ಗಾಲಿ, 2.6 ಇಂಚು ಅಗಲದ ಟೈರ್ ಅಂತ ಗಟ್ಟಿ ಮಾಡಿಕೊಂಡು, ಅದು ಹಿಡಿಸುವ ಫ್ರೇಮ್ ಹುಡುಕಿದೆ. ಟೈರಿನ ಎರಡೂ ಪಕ್ಕ ಕನಿಷ್ಠ 6 ಮಿ.ಮೀ. ಜಾಗ ಇರಬೇಕು. ಇಲ್ಲದಿದ್ದರೆ ಕೆಸರು ಸಿಕ್ಕಿಕೊಂಡು ಪೇಂಟ್ ಉಜ್ಜಿಹೋಗುತ್ತದೆ.

ಸಿಕ್ಕಿದ್ದು 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಸ್ಟೀಲ್ ಫ್ರೇಮ್. ಸ್ಟೀಲ್ ಆದ್ರೆ ಓಡಿಸೋಕೆ ಮೆತ್ತಗಿರುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಅಷ್ಟು ನಂಬುವುದಿಲ್ಲ. ಆ ತ್ರಿಕೋನದ ಫ್ರೇಮ್ ಮೇಲೆ ಕೆಳಗೆ ಬಗ್ಗುವುದು ತೀರಾ ಕಡಿಮೆ. ಅದಕ್ಕಿಂತ 27.2 ಮಿ.ಮೀ. ದಪ್ಪದ ಉದ್ದನೆಯ ಸೀಟ್ ಪೋಸ್ಟ್ (ಸೀಟ್ ಕೂರುವ ಪೈಪು) ಜಾಸ್ತಿ ಬಗ್ಗುತ್ತದೆ, ಟೈರಂತೂ ಇನ್ನೂ ಜಾಸ್ತಿ. ನಾನು ಸ್ಟೀಲ್ ಆರಿಸಿದ್ದು ಅದರ ಸಪೂರ ಪೈಪುಗಳ ಅಂದಕ್ಕೆ, ಮತ್ತೆ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್‌ಗೆ ಥ್ರೆಡ್ ಇತ್ತು ಅನ್ನೋ ಕಾರಣಕ್ಕೆ.

ತಲೆ ಕೆಡಿಸಿಕೊಂಡಿದ್ದು ಫೋರ್ಕ್, ಅಂದ್ರೆ ಮುಂದಿನ ಗಾಲಿ ಹಿಡಿಯುವ ಕವಲಿನ ವಿಷಯದಲ್ಲಿ. ಈ ಫ್ರೇಮ್ ಮಾಡಿದ್ದು 100 ಮಿ.ಮೀ. ಆಡುವ ಶಾಕ್ ಫೋರ್ಕಿಗೆ. ಅಂಥ ಫೋರ್ಕಿನ ಉದ್ದ, ಅಂದ್ರೆ ಆಕ್ಸಲ್ ನಡುವಿನಿಂದ ಕವಲಿನ ತಲೆಯ ಮೇಲೆ ಬೇರಿಂಗ್ ಬಳೆ (ಕ್ರೌನ್ ರೇಸ್) ಕೂರುವ ಮಟ್ಟದವರೆಗೆ, ಸುಮಾರು 510 ಮಿ.ಮೀ. ಹಾಗಂತ ಅಷ್ಟೇ ಉದ್ದದ ರಿಜಿಡ್ (ಶಾಕ್ ಇಲ್ಲದ) ಫೋರ್ಕ್ ಹಾಕಿದರೆ ಮೂತಿ ಎತ್ತಿಕೊಂಡು ನಿಲ್ಲುತ್ತದೆ. ಯಾಕಂದ್ರೆ ಶಾಕ್ ಇದ್ದಿದ್ದರೆ ನಾವು ಹತ್ತಿ ಕೂತ ಕೂಡಲೇ 20ರಿಂದ 25 ಮಿ.ಮೀ. ಕುಸಿಯುತ್ತಿತ್ತು. ಆ ಕುಸಿತ ಕಳೆದು ಲೆಕ್ಕ ಹಾಕಬೇಕು. ಇನ್ನೂ ಗಿಡ್ಡ ಮಾಡಿದರೂ ಕಷ್ಟವೇ. ಫೋರ್ಕ್ ಸುಮಾರು 20 ಮಿ.ಮೀ. ಗಿಡ್ಡವಾದರೆ ಹೆಡ್ ಆಂಗಲ್ (ಹ್ಯಾಂಡಲ್ ಕೆಳಗಿನ ಪೈಪಿನ ಓರೆ) ಹೆಚ್ಚುಕಡಿಮೆ 1 ಡಿಗ್ರಿ ನೆಟ್ಟಗಾಗುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ, ಇಳಿಜಾರಿನಲ್ಲಿ ಹೆದರಿಕೆಯಾಗುತ್ತದೆ, ಪೆಡಲ್ ಕಲ್ಲಿಗೆ ತಾಗುವುದೂ ಜಾಸ್ತಿ. ನಾನು 485 ಮಿ.ಮೀ. ಉದ್ದದ ಸ್ಟೀಲ್ ಫೋರ್ಕ್ ಹಾಕಿದೆ. ಫೋರ್ಕಿನ ಮೇಲ್ತುದಿಯ ಸ್ಟೀರರ್ ಪೈಪನ್ನು ತಕ್ಷಣ ಕತ್ತರಿಸಲಿಲ್ಲ. ಹ್ಯಾಂಡಲ್ ಹಿಡಿಯುವ ಸ್ಟೆಮ್ ಮೇಲೆ ಸ್ಪೇಸರ್ ಬಳೆಗಳನ್ನು ಪೇರಿಸಿಕೊಂಡೇ ಓಡಾಡಿ, ಎತ್ತರ ಒಗ್ಗಿದ ಮೇಲೆ ಗರಗಸ ಹಿಡಿದೆ.

ಗಾಲಿ ಹೆಣೆಯುವುದಕ್ಕೋಸ್ಕರವೇ ಇಡೀ ಸೈಕಲ್ ಕಟ್ಟಿದೆ ಅಂದ್ರೂ ತಪ್ಪಿಲ್ಲ. 32 ತೂತಿನ ರಿಮ್, 32 ತೂತಿನ ಹಬ್ (ಗಾಲಿಯ ನಡುಭಾಗ). ಕಡ್ಡಿಯ (ಸ್ಪೋಕ್) ಉದ್ದ ಲೆಕ್ಕ ಹಾಕೋಕೆ ರಿಮ್ಮಿನೊಳಗಿನ ಅಳತೆ ಬೇಕು. ಪೆಟ್ಟಿಗೆ ಮೇಲೆ ಬರೆದಿದ್ದನ್ನು ನಂಬದೆ, ಎರಡು ಹಳೇ ಕಡ್ಡಿಗೆ ನಿಪ್ಪಲ್ (ತುದಿಯ ಪುಟ್ಟ ನಟ್ಟು) ಹಾಕಿ, ಎದುರುಬದುರು ತೂತಿನಿಂದ ಎಳೆದು ಹಿಡಿದು ನಾನೇ ಅಳೆದೆ. ಹಿಂದಿನ ಗಾಲಿಯಲ್ಲಿ ಚೈನ್ ಇರೋ ಬದಿಯ ಕಡ್ಡಿ ಸ್ವಲ್ಪ ಗಿಡ್ಡ. ಮುಂದಿನ ಗಾಲಿಯಲ್ಲಿ ಡಿಸ್ಕ್ ಬದಿಯದು ಗಿಡ್ಡ.

ಹೆಣಿಗೆ ಮೂರು ದಾಟು. ಪ್ರತಿ ಕಡ್ಡಿಯೂ ಅದೇ ಬದಿಯ ಮೂರು ಕಡ್ಡಿಗಳನ್ನು ದಾಟುತ್ತದೆ; ಹಬ್ಬಿನ ಹೊರಮೈಯಿಂದ ಹೊರಟದ್ದು ಎರಡರ ಹೊರಗಿಂದ ಹೋಗಿ ಮೂರನೆಯದರ ಒಳಗೆ ನುಸುಳಬೇಕು. ಥ್ರೆಡ್‌ಗೆ ಒಂದು ಹನಿ ಎಣ್ಣೆ ಬಿಟ್ಟು, ಎಲ್ಲ ನಿಪ್ಪಲ್‌ಗಳನ್ನೂ ಥ್ರೆಡ್ ಮರೆಯಾಗುವಷ್ಟು ಮಾತ್ರ ತಿರುಗಿಸಿದೆ. ಅಲ್ಲಿಂದ ವಾಲ್ವ್ ತೂತಿನ ಹತ್ತಿರ ಶುರು ಮಾಡಿ ಅರ್ಧರ್ಧ ಸುತ್ತು, ಮತ್ತೆ ಅರ್ಧರ್ಧ ಸುತ್ತು. ಗಾಲಿಯ ಔಟ್ (ಓಲಾಟ) ತೆಗೆಯುವ ಸ್ಟ್ಯಾಂಡ್ ನನ್ನ ಹತ್ತಿರ ಇಲ್ಲ. ಫೋರ್ಕನ್ನು ಉಲ್ಟಾ ಕಟ್ಟಿ, ಅದರ ಕಾಲಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಅದರ ತುದಿಯನ್ನು ರಿಮ್ಮಿಗೆ ಕೂದಲೆಳೆ ದೂರದಲ್ಲಿ ಕತ್ತರಿಸಿದೆ. ಗಾಲಿ ತಿರುಗಿಸಿದಾಗ ಟ್ಯಾಗ್ 'ಸರ್ರ್' ಅಂದ ಕಡೆಯೇ ಔಟ್. ಎದುರು ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಈ ಬದಿಯದು ಕಾಲು ಸುತ್ತು ಸಡಿಲ. ರಿಮ್ ನಡುವಿಗೇ ಕೂತಿದೆಯಾ ಅಂತ ನೋಡೋಕೆ ಗಾಲಿಯನ್ನೇ ತಿರುಗಿಸಿ ಹಾಕಿ, ಅದೇ ಟ್ಯಾಗಿನ ಸಂದು ನೋಡಿದೆ.

ನಡುನಡುವೆ ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿಯಾಗಿ ಅಂಗೈಯಲ್ಲಿ ಹಿಂಡಬೇಕು. ಆಗ 'ಟಿಂಗ್ ಟಿಂಗ್' ಅಂತ ಸದ್ದು ಬರುತ್ತದೆ. ನಿಪ್ಪಲ್ ಜೊತೆ ತಿರುಚಿಕೊಂಡಿದ್ದ ಕಡ್ಡಿ ಬಿಚ್ಚಿಕೊಳ್ಳುವ ಸದ್ದು ಅದು. ಹಿಂಡದೇ ಬಿಟ್ಟರೆ ಮೊದಲ ಓಡಾಟದಲ್ಲೇ ಅವು ತಾವಾಗಿ ಬಿಚ್ಚಿಕೊಂಡು ಗಾಲಿ ಮತ್ತೆ ಔಟ್ ಆಗುತ್ತದೆ. ಬಿಗಿತ ಒಂದೇ ಸಮ ಇದೆಯಾ ಅನ್ನೋಕೆ ಕಿವಿ ಸಾಕು. ಒಂದೇ ಬದಿಯ ಕಡ್ಡಿಗಳನ್ನು ಮೀಟುತ್ತಾ ಹೋದರೆ ಬೇಸೂರಿನದು ತಾನೇ ಸಿಕ್ಕಿಬೀಳುತ್ತದೆ.

ಉಳಿದ ಜೋಡಣೆ ಬೇಗ ಮುಗಿಯಿತು. ಬಾಟಮ್ ಬ್ರಾಕೆಟ್‌ನ ಬಲಗಡೆಯ ಬೇರಿಂಗ್ ಕಪ್ ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಅದೊಂದು ನೆನಪಿರಲಿ. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 46 ಹಲ್ಲಿನವರೆಗಿನ ಗಿಯರ್ ಚಕ್ರಗಳ ಗೊಂಚಲು (ಕ್ಯಾಸೆಟ್). ಹಿಂಬದಿ ಆಡುವುದಿಲ್ಲವಾದ್ದರಿಂದ ಚೈನ್ ಅಳತೆ ಒಮ್ಮೆ ಸರಿಯಾದರೆ ಮುಗೀತು. ಬ್ರೇಕ್ ಡಿಸ್ಕ್ ಮುಂದೆ 180 ಮಿ.ಮೀ., ಹಿಂದೆ 160 ಮಿ.ಮೀ. ದೊಡ್ಡ ಡಿಸ್ಕ್ ಹಾಕುವ ಮುಂಚೆ ಫೋರ್ಕ್ ಅದನ್ನು ತಡೆಯುತ್ತದೆಯೇ ಅಂತ ಅದರ ಚೀಟಿಯಲ್ಲಿ ನೋಡಿಕೊಳ್ಳಲೇಬೇಕು. ಬ್ರೇಕಿನ ಏಟೆಲ್ಲ ಫೋರ್ಕಿನ ಎಡಗಾಲಿಗೇ ಬೀಳುತ್ತದೆ.

ಕೊನೆಗೆ ಮತ್ತೆ ಟೈರ್. ಟ್ಯೂಬ್ ಇಲ್ಲ, ಒಳಗೆ ತೂತು ಮುಚ್ಚುವ ದ್ರವ (ಸೀಲಂಟ್) ಇದೆ. ಟ್ಯೂಬ್ ಇದ್ದರೆ ಗಾಳಿ ಇಷ್ಟು ಕಡಿಮೆ ಮಾಡೋಕಾಗಲ್ಲ, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಮುಂದೆ ಗಾಳಿಯ ಒತ್ತಡ 22 ಪಿಎಸ್‌ಐ ಇಟ್ಟು, ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗುತ್ತಾ 1 ಪಿಎಸ್‌ಐ ಇಳಿಸುತ್ತಾ ಬಂದೆ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಮಡಚಿದ ಹಾಗಾದಾಗ ನಿಲ್ಲಿಸಿ, ಅಲ್ಲಿಂದ 2 ಏರಿಸಿದೆ. ನನ್ನ ತೂಕಕ್ಕೆ ಮುಂದೆ 17, ಹಿಂದೆ 20 ಸರಿಹೋಯಿತು. ಬೆರಳಲ್ಲಿ ಒತ್ತಿ ನೋಡಿದರೆ ಇದು ತಿಳಿಯುವುದಿಲ್ಲ, ಒಳ್ಳೆ ಗೇಜ್ ಬೇಕು. 3 ಪಿಎಸ್‌ಐ ಜಾಸ್ತಿಯಾದರೂ ಮಣಿಕಟ್ಟು ಆವತ್ತೇ ದೂರು ಹೇಳುತ್ತದೆ.

ಓಡಿಸುವಾಗ ಹಿಡಿಸಿದ್ದು ಬ್ರೇಕ್ ಹಾಕಿದಾಗಿನ ನಡೆ. ಮೂತಿ ಕುಸಿಯುವುದೇ ಇಲ್ಲ, ಹ್ಯಾಂಡಲ್‌ನ ಗುಣ ಬದಲಾಗುವುದಿಲ್ಲ. ಎದ್ದು ನಿಂತು ಏರು ಹತ್ತಿದರೆ ತುಳಿದದ್ದೆಲ್ಲ ನೇರ ಗಾಲಿಗೆ ಹೋಗುತ್ತದೆ. ಆದರೆ ಉದ್ದದ ಬೇರು-ಕಲ್ಲಿನ ಇಳಿಜಾರಿನಲ್ಲಿ ಕೈ ಜೋಮು ಹಿಡಿಯುತ್ತದೆ. ದಪ್ಪ ಗ್ರಿಪ್, ಸ್ವಲ್ಪ ಹಿಂದಕ್ಕೆ ಬಾಗಿದ ಹ್ಯಾಂಡಲ್ ಹಾಕಿ ಅದನ್ನು ಕಡಿಮೆ ಮಾಡಿಕೊಂಡೆ, ಪೂರ್ತಿ ಹೋಗಲಿಲ್ಲ. ಫೋರ್ಕಿನಲ್ಲಿ ಇನ್ನೂ ಜಾಗ ಇದೆ. ಈ ಟೈರ್ ಸವೆದ ಮೇಲೆ ಮುಂದೆ ಮಾತ್ರ 2.8 ಹಾಕಿ ನೋಡುತ್ತೇನೆ.