ಒಂದೇ ಕನ್ಸರ್ಟೊ, ಬೇರೆ ಬೇರೆ ಕೈ: ಪಿಯಾನೊ ವಾದಕರನ್ನು ಕೇಳುವ ಬಗೆ

ಪಿಯಾನೊ ವಾದಕರ ಕೈಚಳಕ ಗುರುತಿಸಲು ಕಲಿಯಬೇಕಾ? ಹಾಗಾದರೆ ಹತ್ತು ಕನ್ಸರ್ಟೊ (ಒಬ್ಬ ವಾದಕ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ) ಕೇಳಬೇಡಿ. ಒಂದನ್ನೇ ಹಿಡಿಯಿರಿ. ಅದನ್ನೇ ನಾಲ್ಕೈದು ಜನರ ಕೈಯಲ್ಲಿ ಕೇಳಿ. ಕೃತಿ ಪೂರ್ತಿ ಪರಿಚಯವಾದ ಮೇಲೆ ತಾನೇ ನುಡಿಸುವವರು ಕಾಣಲು ಶುರುವಾಗುವುದು?

ನನ್ನ ಆಯ್ಕೆ ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊ. ಜಿ ಮೇಜರ್ ಅದರ ಶ್ರುತಿ, ಓಪಸ್ 58 ಅದರ ಕೃತಿಸಂಖ್ಯೆ. ಅವನು ಇದನ್ನು ಬರೆದದ್ದು 1805–06ರ ಹೊತ್ತಿಗೆ. ಇದನ್ನೇ ಹೇಳಲು ಕಾರಣವಿದೆ. ಆ ಕಾಲದ ಕನ್ಸರ್ಟೊಗಳಲ್ಲಿ ಮೊದಲು ಆರ್ಕೆಸ್ಟ್ರಾ ಎರಡು ಮೂರು ನಿಮಿಷ ನುಡಿಸುತ್ತದೆ, ಪಿಯಾನೊ ಆಮೇಲೆ ಬರುತ್ತದೆ. ಇಲ್ಲಿ ಹಾಗಿಲ್ಲ. ಪಿಯಾನೊ ಒಂಟಿಯಾಗಿ, ಮೆತ್ತಗೆ ಶುರುಮಾಡುತ್ತದೆ. ವಾದಕರು ಎಂಥವರು ಅನ್ನುವುದು ಅರ್ಧ ನಿಮಿಷದೊಳಗೆ ಬಯಲಾಗುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಮೊದಲ ಸಲ ಮಾತ್ರ ಯಾವ ಹೋಲಿಕೆಯೂ ಬೇಡ. ಯಾರದ್ದಾದರೂ ಒಂದು ಧ್ವನಿಮುದ್ರಣ ಹಾಕಿಕೊಂಡು ಮೂರೂ ಭಾಗ ಸುಮ್ನೆ ಕೇಳಿ. ಒಟ್ಟು ಮೂವತ್ತೈದು ನಿಮಿಷದ ಆಸುಪಾಸು ಆಗುತ್ತದೆ. ಮಾರನೇ ದಿನ ಅದೇ ಧ್ವನಿಮುದ್ರಣವನ್ನು ಇನ್ನೊಮ್ಮೆ ಕೇಳಿ. ಎಲ್ಲಿ ಏನು ಬರುತ್ತದೆ ಅನ್ನುವುದು ತಲೆಯಲ್ಲಿ ಕೂತ ಮೇಲೆ ಮುಂದಿನ ಕೆಲಸ.

ಮೊದಲ ಐದು ಬಾರ್

ಇಲ್ಲಿ ಅವಸರ ಬೇಡ. ಈ ಕನ್ಸರ್ಟೊದಲ್ಲಿ ನಾನು ಅತಿ ಹೆಚ್ಚು ಸಲ ಹಿಂದೆ ಹೋಗಿ ಕೇಳುವುದು ಈ ಐದು ತಾಳದ ಆವರ್ತಗಳನ್ನು, ಅಂದರೆ ಬಾರ್‌ಗಳನ್ನೇ.

ಮೊದಲು ಎರಡೂ ಕೈ ತುಂಬಿದ ಒಂದು ಜಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು. ಆಮೇಲೆ ಮತ್ತೆ ಮತ್ತೆ ಅದೇ ಕಾರ್ಡ್ ಮೆತ್ತಗೆ ಬಡಿಯುತ್ತದೆ. ಕೊನೆಗೆ ಮೇಲಕ್ಕೆ ಹತ್ತುವ ಒಂದು ಚಿಕ್ಕ ಓಟ. ಅಲ್ಲಿಗೆ ಮಾತು ಪ್ರಶ್ನೆಯ ಹಾಗೆ ಅರ್ಧಕ್ಕೆ ನಿಲ್ಲುತ್ತದೆ. ಬೀಥೋವನ್ ಶುರುವಿನಲ್ಲೇ ಬರೆದುಕೊಟ್ಟ ಸೂಚನೆ: ಮೆಲ್ಲಗೆ, ಮಧುರವಾಗಿ. ಉಳಿದದ್ದು ಬಹುಮಟ್ಟಿಗೆ ವಾದಕರಿಗೆ ಬಿಟ್ಟದ್ದು.

ನನ್ನ ತಮ್ಮನ ಮಗಳು ಪಿಯಾನೊ ಕಲಿಯುತ್ತಿದ್ದಾಳೆ. ‘ಎಲ್ಲರೂ ನುಡಿಸೋದು ಅದೇ ನೋಟ್ಸ್ ತಾನೇ ಅತ್ತೆ, ಇದರಲ್ಲಿ ಏನಿದೆ ವ್ಯತ್ಯಾಸ?’ ಅಂತ ಕೇಳಿದಳು. ‘ಮೊದಲನೇ ಕಾರ್ಡ್ ಮಾತ್ರ ಕೇಳು, ಎರಡನೆಯದು ಬರುವ ಮುಂಚೆ ನಿಲ್ಲಿಸಿಬಿಡು’ ಅಂದೆ. ಮೂರು ಜನರದ್ದು ಹಾಗೆ ಒಂದೊಂದೇ ಕಾರ್ಡ್ ಕೇಳಿಸಿದೆ. ‘ಅಯ್ಯೋ, ಇವರದ್ದು ಎಷ್ಟು ಗಟ್ಟಿ, ಅವರು ಮೇಲಿನ ಸ್ವರ ಮಾತ್ರ ಎತ್ತಿದ್ದಾರೆ!’ ಅಂದಳು. ಅವಳೇ ಕಂಡುಕೊಂಡಳು, ನಾನು ಹೇಳಬೇಕಾಗಿ ಬರಲಿಲ್ಲ.

ನೀವೂ ಹಾಗೇ ಮಾಡಿ. ಆ ಕಾರ್ಡ್‌ನಲ್ಲಿ ಮೂರು ವಿಷಯ ಗಮನಿಸಿ. ಎಲ್ಲ ಸ್ವರಗಳೂ ಒಂದೇ ತೂಕದಲ್ಲಿವೆಯೋ, ತುದಿಯ ಸ್ವರ ಸ್ವಲ್ಪ ಮುಂದಿದೆಯೋ? ಎಲ್ಲ ಬೆರಳೂ ಒಟ್ಟಿಗೆ ಬಿದ್ದವೋ, ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಜಾರಿದವೋ? ಹೀಗೆ ಜಾರಿಸಿ ನುಡಿಸುವವರೂ ಇದ್ದಾರೆ. ಮೂರನೆಯದು, ಸದ್ದನ್ನು ಉಳಿಸುವ ಬಲಗಾಲಿನ ಪೆಡಲ್ ಎಷ್ಟು ಹೊತ್ತು ಹಿಡಿದರು? ಕಾರ್ಡ್ ಬಿಟ್ಟ ಮೇಲೆ ನಿಶ್ಶಬ್ದ ಇದೆಯೋ, ಇನ್ನೂ ಗುಂಯ್‌ಗುಡುತ್ತಿದೆಯೋ?

ಆಮೇಲಿನ ಬಡಿತಗಳು ಇನ್ನೂ ಕಷ್ಟದವು. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಿದ್ದ ಕ್ಷಣದಿಂದಲೇ ಸದ್ದು ಕರಗಲು ಶುರು. ಒಮ್ಮೆ ನುಡಿಸಿದ ಸ್ವರವನ್ನು ಆಮೇಲೆ ದೊಡ್ಡದು ಮಾಡಲು ಆಗುವುದಿಲ್ಲ, ಬಾಗಿಸಲೂ ಆಗುವುದಿಲ್ಲ. ವೀಣೆ ಕಲಿತ ನನಗೆ ಇದು ಮೊದಮೊದಲು ಬಹಳ ದೊಡ್ಡ ಕೊರತೆ ಅನ್ನಿಸುತ್ತಿತ್ತು. ಆದರೆ ಒಳ್ಳೆಯ ವಾದಕರು ಮುಂದಿನ ಬಡಿತವನ್ನು ಹಿಂದಿನದು ಕರಗಿದ ಮಟ್ಟಕ್ಕೇ ಹೊಂದಿಸಿ ಹಾಕುತ್ತಾರೆ. ಒಂದು ಕೂದಲೆಳೆ ತಡ ಮಾಡುತ್ತಾರೆ, ಇಲ್ಲವೇ ಮುಂದಕ್ಕೆ ಒರಗುತ್ತಾರೆ. ಆಗ ಬಿಡಿಬಿಡಿ ಬಡಿತಗಳು ಸೇರಿ ಒಂದು ಹಾಡಿನ ಸಾಲಾಗುತ್ತವೆ. ಇದೇ ಬಡಿತ ಬೀಥೋವನ್‌ನ ಐದನೇ ಸಿಂಫನಿಯ ಪ್ರಸಿದ್ಧ ನಾಲ್ಕು ಪೆಟ್ಟಿನ ಹತ್ತಿರದ ನೆಂಟ. ಅಲ್ಲಿ ಗುದ್ದು, ಇಲ್ಲಿ ಪಿಸುಮಾತು. 1808ರ ಡಿಸೆಂಬರ್ 22ರಂದು ವಿಯೆನ್ನಾದ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಎರಡನ್ನೂ ಜನ ಒಂದೇ ಸಂಜೆ ಕೇಳಿದರು. ಚಳಿಯ ಸಭಾಂಗಣ, ನಾಲ್ಕು ಗಂಟೆಯ ಕಾರ್ಯಕ್ರಮ. ಕನ್ಸರ್ಟೊ ನುಡಿಸಿದ್ದು ಬೀಥೋವನ್ನೇ.

ಪಿಯಾನೊ ನಿಂತ ಮೇಲೆ ಆರ್ಕೆಸ್ಟ್ರಾದ ತಂತಿವಾದ್ಯಗಳು ಉತ್ತರ ಕೊಡುತ್ತವೆ. ಅದೂ ಬಿ ಮೇಜರ್‌ನಲ್ಲಿ, ಯಾರೂ ನಿರೀಕ್ಷಿಸದ ಶ್ರುತಿಯಲ್ಲಿ, ಇನ್ನೂ ಮೆತ್ತಗೆ. ಇಲ್ಲಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕಡೆಗೂ ಕಿವಿ ಕೊಡಿ. ವಾದಕರು ಇಟ್ಟ ಕಾಲಪ್ರಮಾಣವನ್ನೇ ಅವರು ಹಿಡಿದರಾ, ತಮ್ಮದೇ ವೇಗ ತಂದರಾ? ತಮ್ಮದೇ ವೇಗ ತಂದರೆ ಈ ಜೋಡಿಯ ನಡುವೆ ಮಾತುಕತೆ ಆಗಿಲ್ಲ ಅಂತಲೇ ನನ್ನ ಲೆಕ್ಕ.

ಮೊದಲ ಭಾಗದಲ್ಲೇ, ಸುಮಾರು ಹತ್ತನೇ ನಿಮಿಷದ ಹೊತ್ತಿಗೆ, ಆರಂಭದ ಮಾತು ವಾಪಸು ಬರುತ್ತದೆ. ಈ ಸಲ ಫೋರ್ಟಿಸಿಮೊ, ಅಂದರೆ ಬಹಳ ಜೋರಾಗಿ, ತುಂಬಿದ ದನಿಯಲ್ಲಿ. ಮೊದಲ ಐದು ಬಾರ್ ಮತ್ತು ಈ ಜಾಗ, ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ. ಕೆಲವರು ಇಲ್ಲಿ ಬರೀ ಗಟ್ಟಿಯಾಗಿ ಬಡಿಯುತ್ತಾರೆ. ಮೊದಲು ಹೇಳಿದ ಮಾತು ಇದೇ ಅಂತ ಗುರುತು ಸಿಗುವಂತೆ ನುಡಿಸುವವರು ಕಡಿಮೆ. ಅವರನ್ನು ಕಂಡರೆ ಬಿಡಬೇಡಿ.

ಕೆಡೆನ್ಜಾ ಯಾರದ್ದು?

ಮೊದಲ ಭಾಗ ಮುಗಿಯುವ ಮುಂಚೆ ಆರ್ಕೆಸ್ಟ್ರಾ ಪೂರ್ತಿ ನಿಂತುಬಿಡುತ್ತದೆ. ಪಿಯಾನೊ ಮಾತ್ರ ಎರಡು ಮೂರು ನಿಮಿಷ ನುಡಿಸುತ್ತದೆ. ಇದು ಕೆಡೆನ್ಜಾ. ನಮ್ಮ ತನಿ ಆವರ್ತನ ಕೇಳಿದವರಿಗೆ ಈ ಏರ್ಪಾಟು ಹೊಸದಲ್ಲ. ಉಳಿದವರು ಕೈಕಟ್ಟಿ ಕಾಯುತ್ತಾರೆ, ಗೊತ್ತಾದ ಗುರುತು ಬಂದೊಡನೆ ಸೇರಿಕೊಳ್ಳುತ್ತಾರೆ. ಇಲ್ಲಿ ಆ ಗುರುತು ಒಂದು ಉದ್ದನೆಯ ಟ್ರಿಲ್, ಅಂದರೆ ಪಕ್ಕಪಕ್ಕದ ಎರಡು ಸ್ವರಗಳ ಬಿರುಸಾದ ನಡುಕ.

ಒಂದು ಕಾಲದಲ್ಲಿ ವಾದಕರು ಇದನ್ನು ಅಲ್ಲೇ ಕಟ್ಟಿ ನುಡಿಸುತ್ತಿದ್ದರು. ಆಮೇಲೆ ಬೀಥೋವನ್ ತಾನೇ ಈ ಮೊದಲ ಭಾಗಕ್ಕೆ ಎರಡು ಕೆಡೆನ್ಜಾ ಬರೆದಿಟ್ಟ. ಹೆಚ್ಚು ಕೇಳಸಿಗುವುದು ಮೊದಲನೆಯದು. ಆರಂಭದ ಆ ಬಡಿತವನ್ನೇ ಹಿಡಿದು, ನಡೆ ಬದಲಿಸಿ ಓಡುತ್ತದೆ. ಕ್ಲಾರಾ ಶೂಮನ್, ಬ್ರಾಮ್ಸ್, ಬುಸೋನಿ ಕೂಡ ಇದಕ್ಕೆ ತಮ್ಮದೇ ಕೆಡೆನ್ಜಾ ಬರೆದಿದ್ದಾರೆ. ವಿಲ್‌ಹೆಲ್ಮ್ ಕೆಂಪ್ಫ್ ತನ್ನದನ್ನೇ ನುಡಿಸುತ್ತಿದ್ದ. ಹಾಗಾಗಿ ಹೋಲಿಸುವ ಮುಂಚೆ ಕೆಡೆನ್ಜಾ ಯಾರದ್ದು ಅಂತ ನೋಡಿಕೊಳ್ಳಿ. ಧ್ವನಿಮುದ್ರಣದ ವಿವರದಲ್ಲಿ ಸಾಮಾನ್ಯವಾಗಿ ಬರೆದಿರುತ್ತಾರೆ. ಬೇರೆ ಬೇರೆ ಕೆಡೆನ್ಜಾಗಳನ್ನು ಒಂದೇ ತಕ್ಕಡಿಯಲ್ಲಿಟ್ಟರೆ ನ್ಯಾಯ ಆಗುವುದಿಲ್ಲ.

ಕೆಡೆನ್ಜಾ ಬರೆದವರ ಪಟ್ಟಿಯಲ್ಲಿ ಮೈಸೂರಿನವಳಾದ ನನಗೆ ತೀರ ಹತ್ತಿರದ ಹೆಸರೊಂದಿದೆ. ರಷ್ಯಾದ ಪಿಯಾನೊ ವಾದಕ, ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್. ಈ ಕನ್ಸರ್ಟೊ ಅವನ ಜೀವಕ್ಕೆ ಅಂಟಿಕೊಂಡ ಕೃತಿ. 1910ರಲ್ಲಿ ಇದರ ರಿಹರ್ಸಲ್‌ನಲ್ಲೇ ವೇಗದ ವಿಷಯಕ್ಕೆ ಡಚ್ ಕಂಡಕ್ಟರ್ ಮೆಂಗೆಲ್‌ಬರ್ಗ್ ಜೊತೆ ಅವನಿಗೆ ದೊಡ್ಡ ಮನಸ್ತಾಪವಾಯಿತು. ಎಷ್ಟು ವೇಗ ಅನ್ನುವುದು ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ ಈ ಜಗಳ ನೆನಪಿಸಿ. ಮುಂದೆ ಲಂಡನ್ನಿನಲ್ಲಿ ವಯಸ್ಸಾಗಿ, ಮರೆವಿಗೆ ಸರಿಯುತ್ತಿದ್ದ ಅವನ ಸಂಗೀತವನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಒಡೆಯರ್ ಸ್ವತಃ ಪಿಯಾನೊ ಕಲಿತವರು. ಮೆಟ್ನರ್ ತನ್ನ ಮೂರನೇ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ. ಈ ಊರಿನಲ್ಲಿ ಇದು ಇನ್ನೂ ಜಾಸ್ತಿ ಜನಕ್ಕೆ ಗೊತ್ತಿರಬೇಕಿತ್ತು.

ಎರಡನೇ ಭಾಗ, ಎಡಗಾಲಿನ ಪೆಡಲ್

ಎರಡನೇ ಭಾಗ ಚಿಕ್ಕದು, ಐದು ನಿಮಿಷದ ಹತ್ತಿರ. ಇಲ್ಲಿ ಪಿಯಾನೊ ಜೊತೆಗಿರುವುದು ತಂತಿವಾದ್ಯಗಳು ಮಾತ್ರ. ಅವು ಎಲ್ಲ ಸೇರಿ ಗದರಿಸುತ್ತವೆ, ಗಟ್ಟಿ, ತುಂಡುತುಂಡು ಮಾತು. ಪಿಯಾನೊ ಮೆಲುದನಿಯಲ್ಲಿ ಹಾಡಿ ಉತ್ತರಿಸುತ್ತದೆ. ಹೋಗ್ತಾ ಹೋಗ್ತಾ ಗದರುವವರೇ ದನಿ ತಗ್ಗಿಸುತ್ತಾರೆ.

ಇಲ್ಲಿ ಬೀಥೋವನ್ ಒಂದು ಸೂಕ್ಷ್ಮ ಸೂಚನೆ ಕೊಟ್ಟಿದ್ದಾನೆ. ಈ ಭಾಗ ಪೂರ್ತಿ ಎಡ ಪೆಡಲ್ ಒತ್ತಿ, ಒಂದೇ ತಂತಿಯಲ್ಲಿ ನುಡಿಸಬೇಕು. ಪಿಯಾನೊದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ ಇರುತ್ತವೆ. ಅವನ ಕಾಲದ ವಿಯೆನ್ನಾ ಪಿಯಾನೊದಲ್ಲಿ ಆ ಪೆಡಲ್ ಒತ್ತಿದರೆ ಸುತ್ತಿಗೆಗಳ ಸಾಲು ಪಕ್ಕಕ್ಕೆ ಸರಿದು ನಿಜವಾಗಿಯೂ ಒಂದೇ ತಂತಿಗೆ ಬಡಿಯುವಂತೆ ಮಾಡಬಹುದಿತ್ತು. ನಡುವೆ ಒಂದು ಜಾಗದಲ್ಲಿ ಮಾತ್ರ, ಉದ್ದನೆಯ ಟ್ರಿಲ್ ಏರುವಾಗ, ಒಂದರಿಂದ ಎರಡು, ಎರಡರಿಂದ ಮೂರು ತಂತಿಗೆ ತೆರೆದುಕೊಂಡು ಮತ್ತೆ ಒಂದಕ್ಕೆ ಇಳಿಯಬೇಕು. ಈಗಿನ ದೊಡ್ಡ ಪಿಯಾನೊದಲ್ಲಿ ಒಂದೇ ತಂತಿಯವರೆಗೆ ಇಳಿಯಲು ಆಗುವುದಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ಆ ಬಣ್ಣವನ್ನು ಬೆರಳಿನಲ್ಲಿ ತಾವೇ ಹುಡುಕಿಕೊಳ್ಳಬೇಕು.

ಕೇಳುವಾಗ ಹೀಗೆ ಮಾಡಿ. ಆರ್ಕೆಸ್ಟ್ರಾ ಗದರಿ ನಿಂತ ಮೇಲೆ ಪಿಯಾನೊ ಎಷ್ಟು ಹೊತ್ತು ಬಿಟ್ಟು ಬರುತ್ತದೆ, ನೋಡಿ. ತಕ್ಷಣ ಬಂದರೆ ಅದು ಎದುರುತ್ತರ. ಸ್ವಲ್ಪ ಬಿಟ್ಟು ಬಂದರೆ ಸಮಾಧಾನ. ಆಮೇಲೆ ಆ ಟ್ರಿಲ್. ಅದು ಬರುವವರೆಗೆ ವಾದಕರು ದನಿಯನ್ನು ಕೂಡಿಟ್ಟುಕೊಂಡಿದ್ದರಾ, ಮೊದಲೇ ಖರ್ಚು ಮಾಡಿಬಿಟ್ಟರಾ? ಮೊದಲೇ ಖರ್ಚು ಮಾಡಿದವರ ಕೈಯಲ್ಲಿ ಟ್ರಿಲ್ ಸುಮ್ನೆ ಜೋರಾಗುತ್ತದೆ, ಅಷ್ಟೆ. ಇನ್ನೊಂದು, ಈ ಭಾಗವನ್ನು ತೀರ ಎಳೆಯುವವರಿದ್ದಾರೆ. ಬೀಥೋವನ್ ನಡಿಗೆ ಇರಲಿ ಅಂತಲೇ ಬರೆದಿದ್ದಾನೆ. ಮಾತು ಮಾತಿನ ನಡುವೆ ಸಂಬಂಧವೇ ಕಡಿದುಹೋಗುವಷ್ಟು ನಿಧಾನ ನನಗೆ ಒಪ್ಪಿಗೆಯಿಲ್ಲ, ಅದು ಎಷ್ಟೇ ದೊಡ್ಡವರಾದರೂ ಸರಿ.

ಯಾರನ್ನು ಕೇಳುವುದು

ಆರ್ಟುರ್ ಶ್ನಾಬೆಲ್, 1933ರ ಲಂಡನ್ ಧ್ವನಿಮುದ್ರಣ. ಹಳೆಯದು, ಕರಕರ ಸದ್ದಿದೆ. ಅಲ್ಲಲ್ಲಿ ಬೆರಳು ತಪ್ಪಿದರೂ ಮಾತಿನ ಎಳೆ ಎಲ್ಲೂ ತಪ್ಪುವುದಿಲ್ಲ. ಎಮಿಲ್ ಗಿಲೆಲ್ಸ್, 1957, ಲಿಯೊಪೊಲ್ಡ್ ಲುಡ್ವಿಗ್ ನಡೆಸಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ. ಉಕ್ಕಿನ ಬೆರಳಿನವನು ಅಂತ ಹೆಸರಾದವನು ಇಲ್ಲಿ ಎಷ್ಟು ಮೃದು! ಒಂದನ್ನೇ ಕೇಳಲು ಸಮಯವಿದ್ದರೆ ನಾನು ಇದನ್ನೇ ಹೇಳುತ್ತೇನೆ. ಲಿಯಾನ್ ಫ್ಲೈಶರ್, 1959, ಜಾರ್ಜ್ ಸೆಲ್ ನಡೆಸಿದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ. ಪಿಯಾನೊ ಮತ್ತು ಆರ್ಕೆಸ್ಟ್ರಾ ಹೇಗೆ ಒಂದೇ ಉಸಿರಾಡಬಹುದು ಅನ್ನುವುದಕ್ಕೆ ಇದನ್ನು ಕೇಳಿ. ಕೆಲವೇ ವರ್ಷಗಳಲ್ಲಿ ಫ್ಲೈಶರ್‌ನ ಬಲಗೈ ಬೆರಳು ಮಾತು ಕೇಳದಾದವು. ದಶಕಗಳ ಕಾಲ ಎಡಗೈಗೆ ಬರೆದ ಕೃತಿಗಳನ್ನೇ ನುಡಿಸಿದ. ಕೆಂಪ್ಫ್, ಫರ್ಡಿನಾಂಡ್ ಲೈಟ್ನರ್ ಮತ್ತು ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ, 1960ರ ದಶಕದ ಆರಂಭದ್ದು, ಹಗುರ ಕೈ, ಅವನದೇ ಕೆಡೆನ್ಜಾ. ಕೊನೆಗೆ ರಾಬರ್ಟ್ ಲೆವಿನ್, ಜಾನ್ ಎಲಿಯಟ್ ಗಾರ್ಡಿನರ್ ಜೊತೆ, ಹಳೆಯ ಮಾದರಿಯ ಫೋರ್ಟೆಪಿಯಾನೊದಲ್ಲಿ. ಒಂದು ತಂತಿಯ ಸದ್ದಿನ ಬಗ್ಗೆ ಮೇಲೆ ಹೇಳಿದೆನಲ್ಲ, ಅದು ಕಿವಿಗೆ ಸಿಗಬೇಕಾದರೆ ಇದರ ಎರಡನೇ ಭಾಗ ಹಾಕಿ.

ಒಂದೇ ದಿನ ಎಲ್ಲ ಬೇಡ, ಕಿವಿ ದಣಿಯುತ್ತದೆ. ಸಂಜೆಗೆ ಇಬ್ಬರು ಸಾಕು. ಹೆಡ್‌ಫೋನ್ ಹಾಕಿಕೊಳ್ಳಿ, ಫೋನಿನ ಸದ್ದು ಇಬ್ಬರಿಗೂ ಒಂದೇ ಮಟ್ಟದಲ್ಲಿರಲಿ. ಜೋರಾಗಿ ಕೇಳಿಸಿದ್ದು ಚೆನ್ನಾಗಿದೆ ಅನ್ನಿಸುವುದು ಕಿವಿಯ ಹಳೆಯ ಚಾಳಿ. ಒಂದು ನೋಟ್‌ಬುಕ್‌ನಲ್ಲಿ ನಿಮಿಷ, ಸೆಕೆಂಡ್ ಹಾಕಿ, ಅಲ್ಲಿ ಏನಾಯಿತು ಅಂತ ಒಂದು ಸಾಲು ಬರೆಯಿರಿ. ‘ಅದ್ಭುತ’ ಅಂತ ಬರೆಯಬೇಡಿ. ‘ಇಲ್ಲಿ ತಡೆದ’, ‘ಇಲ್ಲಿ ಎಡಗೈ ಮುಂದೆ ಬಂತು’ ಅಂತ ಬರೆಯಿರಿ. ಸ್ವರಲಿಪಿ ಓದಲು ಬಂದರೆ ಅದು ಸ್ವರಲಿಪಿಗಳ ಜಾಲತಾಣವಾದ ಐಎಂಎಸ್‌ಎಲ್‌ಪಿಯಲ್ಲಿ ಪುಕ್ಕಟೆ ಸಿಗುತ್ತದೆ. ಬರದಿದ್ದರೂ ತೊಂದರೆಯಿಲ್ಲ.

ಮೂರನೇ ಭಾಗಕ್ಕೆ ಜಾಸ್ತಿ ಹೇಳುವುದಿಲ್ಲ, ಅದು ತಾನೇ ಕರೆದುಕೊಂಡು ಹೋಗುತ್ತದೆ. ಎರಡನೇ ಭಾಗದ ಕೊನೆಯ ಸದ್ದು ಆರುವಷ್ಟರಲ್ಲಿ ಇದು ಶುರುವಾಗಬೇಕು, ನಡುವೆ ಕೆಮ್ಮಲೂ ಬಿಡುವು ಕೊಡಬಾರದು. ಆ ಬಿಡುವು ಎಷ್ಟು ಅನ್ನುವುದನ್ನು ಮಾತ್ರ ಐದೂ ಜನರಲ್ಲಿ ನೋಡಿ. ಪಿಯಾನೊ ಮೊದಲ ಸಲ ಉತ್ತರ ಕೊಡುವಾಗ ಕೆಳಗೆ ಒಂದೇ ಒಂದು ಚೆಲ್ಲೊ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಜೊತೆಗಿರುತ್ತದೆ. ಒಳ್ಳೆಯ ವಾದಕರು ಅದು ಕೇಳಿಸುವಂತೆ ತಾವು ತಗ್ಗುತ್ತಾರೆ. ತುತ್ತೂರಿ, ಟಿಂಪನಿ ಎಂಬ ನಗಾರಿ ಇಡೀ ಕನ್ಸರ್ಟೊದಲ್ಲಿ ಬಾಯಿ ಬಿಡುವುದು ಈ ಭಾಗದಲ್ಲೇ. ಇಲ್ಲೂ ಒಂದು ಕೆಡೆನ್ಜಾ ಇದೆ. ಅದು ಚಿಕ್ಕದಾಗಿರಲಿ ಅಂತ ಬೀಥೋವನ್ ಸ್ವರಲಿಪಿಯಲ್ಲೇ ಬರೆದಿದ್ದಾನೆ. ಆ ಮಾತನ್ನು ಯಾರು ಪಾಲಿಸಿದ್ದಾರೆ, ಯಾರು ಇಲ್ಲ ಅನ್ನುವುದನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ.