ಆಷಾಢದ ಗಾಳಿಯಲ್ಲಿ ಪ್ರೋನ್: ಗಾಳಿ ನಿಲ್ಲಲಿ ಅಂತ ಕಾಯೋದನ್ನು ಬಿಟ್ಟ ಮೇಲೆ

ಇದು 50 ಮೀಟರ್ ಪ್ರೋನ್, ಅಂದರೆ ಮಲಗಿಕೊಂಡು ರೈಫಲ್ ಹೊಡೆಯುವವರಿಗೆ ಬರೆದದ್ದು. ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಎಷ್ಟು ಬಿಗಿ ಇರಬೇಕು, ಉಸಿರು ಎಲ್ಲಿ ಹಿಡಿಯಬೇಕು ಅನ್ನೋದೆಲ್ಲ ನಿಮಗೆ ಗೊತ್ತು, ಅದಕ್ಕೆ ಕೈ ಹಾಕೋದಿಲ್ಲ. ನಾನು ಹೇಳೋದು ಇಷ್ಟೇ: ಬೆಂಗಳೂರಿನ ಜೂನ್-ಜುಲೈ ತಿಂಗಳಲ್ಲಿ ಗಾಳಿ ನಿಂತಾಗ ಹೊಡೆಯಬೇಡಿ. ಬೀಸುವಾಗಲೇ ಹೊಡೆಯಿರಿ.

ರೇಂಜಿನಲ್ಲಿ ಇದನ್ನು ಹೇಳಿದಾಗ ನಕ್ಕವರೇ ಜಾಸ್ತಿ. "ಗುರು, ಎಲ್ರೂ ಗಾಳಿ ಇಳಿಯೋದನ್ನ ಕಾಯ್ತಾರೆ, ನೀನು ಏರೋದನ್ನ ಕಾಯ್ತೀಯಲ್ಲ" ಅಂದ ಪಕ್ಕದ ಲೇನಿನವನು. ನಮ್ಮ ಕೋಚ್ ಸರ್ ನಗಲಿಲ್ಲ. "ಟೈಮ್ ಸಾಲಲ್ಲ, ನೋಡ್ತಾ ಇರಿ" ಅಂದರು. ಈಗ ಇಬ್ಬರೂ ಸುಮ್ಮನಿದ್ದಾರೆ. ಆಷಾಢದಲ್ಲಿ 600 ದಾಟಲು ಒದ್ದಾಡುತ್ತಿದ್ದ ನಾನು ಹೋದ ವರ್ಷ ಅದೇ ಗಾಳಿಯಲ್ಲಿ 615ರ ಆಸುಪಾಸು ಹೊಡೆದೆ, ಒಂದು ಸಲ ಅಲ್ಲ, ಮತ್ತೆ ಮತ್ತೆ. 654ಕ್ಕೆ 615 ಏನು ದೊಡ್ಡದು ಅಂತೀರಾ? ಬಂದು ನನ್ನ ಪಕ್ಕ ಮಲಗಿ ನೋಡಿ.

ಲೆಕ್ಕ ಇಷ್ಟು. ನಾವು ಹೊಡೆಯುವ ಪಾಯಿಂಟ್ ಟೂ ಟೂ (.22 ಕ್ಯಾಲಿಬರ್) ಮ್ಯಾಚ್ ಗುಂಡಿಗೆ ಗಂಟೆಗೆ 10 ಕಿ.ಮೀ. ಗಾಳಿ ನೇರ ಅಡ್ಡಕ್ಕೆ ಬಡಿದರೆ 50 ಮೀಟರಿನಲ್ಲಿ ಸುಮಾರು 16 ಮಿ.ಮೀ. ಸರಿಯುತ್ತದೆ. ನಡುಮಧ್ಯೆ ಬಿದ್ದು ಒಂದು ಗುಂಡಿನ ಪೂರ್ತಿ ಅಂಕ 10.9 ತರಬೇಕಾದದ್ದು ಜಾರಿ 9ಕ್ಕೆ ಬಂದು ನಿಲ್ಲುತ್ತದೆ. ಆಷಾಢದಲ್ಲಿ ಬೆಳಗ್ಗೆ ಹತ್ತೂವರೆ ಆದಮೇಲೆ 10 ಕಿ.ಮೀ. ಅನ್ನೋದು ಮಾಮೂಲಿ ಗಾಳಿ.

ನಮ್ಮ ರೇಂಜು ಉತ್ತರಕ್ಕೆ ಮುಖ ಮಾಡಿದೆ. ಮುಂಗಾರಿನ ಪಡುವಣ ಗಾಳಿ ಎಡಗಡೆಯಿಂದ ಬರುತ್ತದೆ. ನಮ್ಮ ಬ್ಯಾರೆಲ್‌ಗಳ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ತಿರುವು ಬಲಕ್ಕೆ, ಹಾಗಾಗಿ ಎಡಗಾಳಿ ಗುಂಡನ್ನು ಬಲಕ್ಕೆ ಮಾತ್ರ ಅಲ್ಲ, ಸ್ವಲ್ಪ ಕೆಳಕ್ಕೂ ಒಯ್ಯುತ್ತದೆ. ಗಡಿಯಾರದಲ್ಲಿ ನಾಲ್ಕರ ಕಡೆಗೆ. ಬಲಗಾಳಿಯಾದರೆ ಹತ್ತರ ಕಡೆಗೆ. ಬರೀ ಸೈಟಿನ (ಗುರಿ ನೋಡುವ ಸಾಧನದ) ಬಲ-ಎಡ ಕ್ಲಿಕ್ ತಿರುಗಿಸಿ "ಯಾಕೋ ಕೆಳಗೆ ಬೀಳ್ತಾ ಇದೆ" ಅಂತ ಉಸಿರಾಟವನ್ನು ಬೈಯುವವರನ್ನು ಬೇಕಾದಷ್ಟು ನೋಡಿದ್ದೇನೆ.

ಈಗ ಗಾಳಿ ಕಾಯೋದು ಯಾಕೆ ಕೈ ಕೊಡುತ್ತದೆ ನೋಡಿ. ಆಷಾಢದ ಗಾಳಿ ನಿಲ್ಲೋದು ಹತ್ತು ಹದಿನೈದು ಸೆಕೆಂಡು. ಫ್ಲ್ಯಾಗ್, ಅಂದರೆ ಗಾಳಿ ತೋರಿಸುವ ಬಟ್ಟೆಯ ಪಟ್ಟಿ, ಬಿತ್ತು ಅಂತ ಕಂಡು, ಕೆನ್ನೆ ಇಟ್ಟು, ಟ್ರಿಗರ್ ಒತ್ತುವ ಹೊತ್ತಿಗೆ ಅದು ಮತ್ತೆ ಎದ್ದಿರುತ್ತದೆ. ಆದರೆ ನಡುವಿನ ಗಾಳಿ, ಅಂದರೆ ಫ್ಲ್ಯಾಗ್ ಅರ್ಧ ಎದ್ದು ಬಾಲ ಮಾತ್ರ ಅಲುಗಾಡುವ ಸ್ಥಿತಿ, ಎರಡು ಮೂರು ನಿಮಿಷ ಇರುತ್ತದೆ. ಹೋದರೂ ಮತ್ತೆ ಬರುತ್ತದೆ. ನಾನು ಝೀರೋ ಮಾಡಿಕೊಳ್ಳೋದು, ಅಂದರೆ ಗುಂಡು ನಡುಮಧ್ಯೆ ಬೀಳುವ ಹಾಗೆ ಸೈಟ್ ಹೊಂದಿಸಿಕೊಳ್ಳೋದು, ಆ ಗಾಳಿಗೆ. ಫ್ಲ್ಯಾಗ್ ಪೂರ್ತಿ ಎದ್ದರೂ ಹೊಡೆಯಲ್ಲ, ಪೂರ್ತಿ ಬಿದ್ದರೂ ಹೊಡೆಯಲ್ಲ.

ಟೈಮಿನ ಮಾತು. 60 ಗುಂಡಿಗೆ 50 ನಿಮಿಷ. ನನ್ನ ಗಾಳಿ ಬಂದಾಗ ಒಂದು ಗುಂಡಿಗೆ 25 ಸೆಕೆಂಡಿನಂತೆ ಐದಾರು ಒಟ್ಟಿಗೆ ಹೊಡೆಯುತ್ತೇನೆ. ಹಾಗಾದರೆ ಹೊಡೆಯಲು 25 ನಿಮಿಷ, ಕಾಯಲು 25 ನಿಮಿಷ. ಸಾಲಲ್ಲ ಅಂದವರು ಒಂದು ಗುಂಡಿಗೆ 45 ಸೆಕೆಂಡು ತೆಗೆದುಕೊಳ್ಳುವವರು. ಅಲ್ಲೇ ಇರೋದು ಕಷ್ಟ. ರೈಫಲ್ ಭುಜದಿಂದ ಇಳಿಸದೆ ಲೋಡ್ ಮಾಡುವ ಅಭ್ಯಾಸಕ್ಕೆ ನನಗೆ ಒಂದಿಡೀ ಚಳಿಗಾಲ ಹಿಡಿಯಿತು, ಅದೂ ಮನೆಯ ಹಾಲ್‌ನಲ್ಲಿ ಮಲಗಿ, ಖಾಲಿ ರೈಫಲ್ಲಿನಲ್ಲಿ.

ಇನ್ನು ಸೈಟರ್, ಅಂದರೆ ಮ್ಯಾಚಿಗೆ ಮೊದಲು ಹೊಡೆಯುವ, ಅಂಕಕ್ಕೆ ಸೇರದ ಗುಂಡುಗಳು. ಮ್ಯಾಚ್ ಶುರುವಾದ ಮೇಲೆ ಸೈಟರ್‌ಗೆ ವಾಪಸ್ ಹೋಗೋ ಹಾಗಿಲ್ಲ. ಮ್ಯಾಚಿಗೆ ಮೊದಲಿನ ಆ 15 ನಿಮಿಷದಲ್ಲಿ ಎಲ್ಲರೂ ಟೆನ್ ಹುಡುಕುತ್ತಾರೆ. ನಾನು ಬೇಕಂತಲೇ ಕೆಟ್ಟ ಗಾಳಿಗೂ ಎರಡು ಮೂರು ಗುಂಡು ಹಾಕುತ್ತೇನೆ. ಫ್ಲ್ಯಾಗ್ ಪೂರ್ತಿ ಎದ್ದಾಗ ಒಂದಷ್ಟು, ಬಿದ್ದಾಗ ಒಂದಷ್ಟು, ಕ್ಲಿಕ್ ಮುಟ್ಟದೆ. ಮಾನಿಟರ್‌ನಲ್ಲಿ 8.3, 8.7 ಕಂಡು ಹಿಂದೆ ಕೂತವರು ಅಯ್ಯೋ ಅಂತಾರೆ, ಅನ್ನಲಿ. ಆವತ್ತಿನ ಗಾಳಿಯ ಎರಡೂ ಕೊನೆ ಎಲ್ಲಿವೆ ಅಂತ ನನಗೆ ಗೊತ್ತಾಯಿತಲ್ಲ. ಕೊನೆಯಲ್ಲಿ ಟೈಮ್ ಒತ್ತಿ ಬಂದರೆ ಅದೇ ಲೆಕ್ಕದಲ್ಲಿ ಕ್ಲಿಕ್ ತಿರುಗಿಸುತ್ತೇನೆ, ಅಂದಾಜಿನಲ್ಲಿ ಅಲ್ಲ.

ಯಾವ ಫ್ಲ್ಯಾಗ್ ನೋಡೋದು? ನಾವು ಮಲಗುವ ಜಾಗದಿಂದ 10 ಮೀಟರಿನದು. ಟಾರ್ಗೆಟ್ ಹತ್ತಿರದ ಗಾಳಿಯೇ ಮುಖ್ಯ ಅಂತ ವಾದಿಸುವವರು ಇದ್ದಾರೆ. ಮೊದಲ 25 ಮೀಟರಿನಲ್ಲಿ ಸಿಕ್ಕ ತಳ್ಳು ಗುಂಡಿನ ದಾರಿಯನ್ನೇ ವಾಲಿಸುತ್ತದೆ, ಆ ವಾಲು ಕೊನೆಯವರೆಗೂ ಬೆಳೆಯುತ್ತಾ ಹೋಗುತ್ತದೆ. ಒಂದೇ ಸಮನೆ ಬೀಸುವ ಗಾಳಿಯಲ್ಲಿ ಗುಂಡು ಹೆಚ್ಚುಕಡಿಮೆ ಮುಕ್ಕಾಲು ಪಾಲು ಸರಿಯೋದು ಆ ಮೊದಲರ್ಧದಿಂದಲೇ. 30 ಮೀಟರಿನ ಫ್ಲ್ಯಾಗು ನನಗೆ ಬರೀ ಕಾವಲುಗಾರ. ಅದು ತಿರುಗಿ ನಿಂತರೆ ಕೆನ್ನೆ ಎತ್ತುತ್ತೇನೆ, ಅಷ್ಟೇ.

ಫ್ಲ್ಯಾಗ್ ಓದಲು ಕಲಿಯೋದಕ್ಕೆ ಒಂದಷ್ಟು ದುಡ್ಡು ಹೋಯಿತು. ಪ್ರಾಕ್ಟೀಸಿಗೆ ನನ್ನದೇ ಫ್ಲ್ಯಾಗ್ ಹೊಲಿಸಿದೆ. ಮೊದಲು ಹಳೇ ಪಂಚೆ ಹರಿದು ಮಾಡಿದ್ದು. ತೀರಾ ಹಗುರ, ಉಸಿರು ಬಿಟ್ಟರೂ ಎದ್ದು ನಿಲ್ಲುತ್ತಿತ್ತು. ನಿಯಮದ ಫ್ಲ್ಯಾಗು 5 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ, ಚದರ ಮೀಟರಿಗೆ ಸುಮಾರು 150 ಗ್ರಾಂ ತೂಗುವ ಹತ್ತಿ ಬಟ್ಟೆ. ಕೊನೆಗೆ ಚಿಕ್ಕಪೇಟೆಯಲ್ಲಿ ದಪ್ಪ ಕೋರಾ ಬಟ್ಟೆ ಸಿಕ್ಕಿತು, ಮೀಟರಿಗೆ ನೂರು ಚಿಲ್ಲರೆ. ಅಂಗಡಿಯವರ ತಕ್ಕಡಿಯಲ್ಲೇ ತೂಗಿಸಿ ತಂದೆ. ಆಮೇಲೆ ಸುಮಾರು 2,500 ಕೊಟ್ಟು ಕೈಯಲ್ಲಿ ಹಿಡಿಯುವ ಗಾಳಿ ಮೀಟರ್ ಕೊಂಡೆ. ಮ್ಯಾಚಿನಲ್ಲಿ ನಮ್ಮ ಸ್ವಂತ ಗಾಳಿ ಸೂಚಕ ಇಡೋ ಹಾಗಿಲ್ಲ, ಆದರೆ ರೇಂಜು ಖಾಲಿ ಇದ್ದಾಗ ಫ್ಲ್ಯಾಗ್ ಪಕ್ಕ ನಿಂತು ಅಳೆದೆ. ಅರ್ಧ ಎದ್ದರೆ 8-9 ಕಿ.ಮೀ., ಪೂರ್ತಿ ಎದ್ದರೆ 15ರ ಮೇಲೆ. ಜಿನುಗು ಮಳೆ ಬಂದರೆ ಈ ಲೆಕ್ಕ ನಂಬಬೇಡಿ. ಒದ್ದೆ ಫ್ಲ್ಯಾಗ್ ಭಾರವಾಗಿ ಜೋತುಬಿದ್ದಿರುತ್ತದೆ, ಗಾಳಿ ಮಾತ್ರ ಹಾಗೇ ಇರುತ್ತದೆ.

ಒಂದು ದಿನ ಸಾಂಬ್ರಾಣಿಯನ್ನೂ ಹಚ್ಚಿದೆ. ಹೊಗೆ ಹೇಗೆ ಹೋಗುತ್ತದೆ ನೋಡೋಣ ಅಂತ. ರೇಂಜಿನ ಹುಡುಗ "ಏನ್ ಸಾರ್, ಪೂಜೆನಾ?" ಅಂದ. ಪಡುವಣ ಗೋಡೆಯ ಮೇಲಿಂದ ಇಳಿದ ಗಾಳಿ ಒಳಗೆ ಸುರುಳಿ ಸುತ್ತಿ, ಗೋಡೆ ಪಕ್ಕದ ಲೇನುಗಳಲ್ಲಿ ವಾಪಸ್ ಗೋಡೆ ಕಡೆಗೇ ಹೋಗುತ್ತಿತ್ತು. ಅಂಥ ಒಂದೇ ಲೇನಿನಲ್ಲಿ 10 ಮೀಟರ್ ಫ್ಲ್ಯಾಗ್ ಒಂದು ಕಡೆ, 30ರದ್ದು ಇನ್ನೊಂದು ಕಡೆ ತೋರಿಸುತ್ತಿದ್ದ ಗುಟ್ಟು ಅಲ್ಲಿ ಬಯಲಾಯಿತು. ಆ ಲೇನು ಸಿಕ್ಕರೆ ಏನು ಮಾಡಬೇಕು ಅನ್ನೋದು ನನ್ನ ಹತ್ತಿರವೇ ಇರಲಿ, ನಾನೂ ಮ್ಯಾಚ್ ಗೆಲ್ಲಬೇಕಲ್ವಾ.

ವೇಗದ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಒಂದು ಡಬ್ಬಿ ಹೈ ವೆಲಾಸಿಟಿ ಹೊಡೆದು ನೋಡಿದೆ. ಗ್ರೂಪ್ (ಗುಂಡುಗಳು ಬಿದ್ದ ಗುಂಪು) ಹರಡಿತು, ಗಾಳಿಗೆ ಸರಿಯೋದೂ ಜಾಸ್ತಿ. ಸೆಕೆಂಡಿಗೆ 380 ಮೀಟರ್ ವೇಗದಲ್ಲಿ ಹೊರಟ ಗುಂಡು ಶಬ್ದದ ವೇಗದ ಸುತ್ತ ಬರುವಾಗ ಗಾಳಿಯ ತಡೆ ವಿಪರೀತ. ಕಳೆದುಕೊಳ್ಳುವ ವೇಗ ಹೆಚ್ಚಾದಷ್ಟೂ ಅಡ್ಡಗಾಳಿಯ ಹಿಡಿತ ಹೆಚ್ಚು. 330ರ ಒಳಗಿನ ಮ್ಯಾಚ್ ಗುಂಡೇ ಸರಿ. ಅದರ ಬೆಲೆ ಮಾತ್ರ ಕೇಳಬೇಡಿ. ನಾನು ಕೊಳ್ಳುವಾಗ ಒಂದಕ್ಕೆ 40 ರೂಪಾಯಿಯ ಆಸುಪಾಸು. ಸೈಟರ್ ಸೇರಿ ಒಂದು ಮ್ಯಾಚಿಗೆ 80-85 ಗುಂಡು, ಅಂದರೆ 3,300 ಹೊಗೆ. ನಾಲ್ಕು ಲಾಟ್ (ಒಂದೇ ಸಲ ತಯಾರಾದ ಗುಂಡುಗಳ ಕಂತು) ತರಿಸಿ ಹೊಡೆದು ನೋಡಿದ್ದಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರಿನ ದುಡ್ಡು ಹೋಯಿತು. ಹಾಗಂತ ಗಾಳಿ ಕಲಿಯಲು ಮ್ಯಾಚ್ ಗುಂಡು ಬೇಡ. 20 ಚಿಲ್ಲರೆಯದು ಸಾಕು, ಆದರೆ ಒಂದೇ ಲಾಟ್ ಇರಲಿ.

ಮನೆಯಲ್ಲಿ ಕೇಳುವುದು ಬೇರೆ ಪ್ರಶ್ನೆ: ರಿಯೋ ಆದಮೇಲೆ ಒಲಿಂಪಿಕ್ಸಿನಿಂದಲೇ ತೆಗೆದ ಇವೆಂಟಿಗೆ ಇಷ್ಟು ಖರ್ಚಾ? ಸ್ವಪ್ನಿಲ್ ಕುಸಾಲೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ತಂದಿದ್ದು ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು), ಅದರಲ್ಲೂ ಮೂರನೇ ಒಂದು ಭಾಗ ಪ್ರೋನೇ ಅಂತ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತೇನೆ.

ಮಿರಾಜ್, ಅಂದರೆ ಬಿಸಿಲಿಗೆ ನೆಲದಿಂದ ಏಳುವ ಬಿಸಿಗಾಳಿಯ ಅಲೆ, ಅದರ ಬಗ್ಗೆ ಒಂದು ಮಾತು. ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಸ್ಪಾಟಿಂಗ್ ಸ್ಕೋಪನ್ನು ಟಾರ್ಗೆಟ್‌ಗಿಂತ ಸ್ವಲ್ಪ ಹಿಂದಕ್ಕೆ ಫೋಕಸ್ ಮಾಡಿದರೆ, ಅಂದರೆ ನಮ್ಮ ಕಡೆಗೆ, ಚೆನ್ನಾಗಿ ಕಾಣುತ್ತದೆ. ಅಲೆ ಪಕ್ಕಕ್ಕೆ ಹರಿಯೋದು ಬಿಟ್ಟು ನೇರ ಮೇಲಕ್ಕೆ ಕುದಿಯಲು ಶುರುವಾದರೆ ಗಾಳಿ ದಿಕ್ಕು ಬದಲಿಸುವ ಹೊತ್ತು, ಟ್ರಿಗರ್ ಒತ್ತಬೇಡಿ. ಆಷಾಢದ ಮೋಡದಲ್ಲಿ ಇದು ಕೆಲಸಕ್ಕೆ ಬರಲ್ಲ. ರೈಫಲ್ ವಾಲಿಸಿ, ಕ್ಲಿಕ್ ಮುಟ್ಟದೆ ಅರ್ಧ ರಿಂಗ್ ಸರಿಸುವ ವಿದ್ಯೆಯೂ ಒಂದಿದೆ. ಎಷ್ಟು ವಾಲಿಸಬೇಕು ಅಂತ ನೀವೇ ಗುಂಡು ಸುಟ್ಟು ಕಂಡುಕೊಳ್ಳಿ.

ಈಗ ಮಾಗಿಯ ಮೂಡಣ ಗಾಳಿಗೆ ಇದೇ ಲೆಕ್ಕವನ್ನು ಉಲ್ಟಾ ಬರೆದುಕೊಳ್ಳುತ್ತಿದ್ದೇನೆ. ಗಾಳಿ ಕಡಿಮೆ, ಆದರೆ ಬೇಗ ಬೇಗ ಬದಲಾಗುತ್ತದೆ, ನಡುವಿನ ಗಾಳಿ ಯಾವುದು ಅಂತ ಹಿಡಿಯೋದೇ ಕಷ್ಟವಾಗಿದೆ. ಇನ್ನೊಂದು ಆಸೆ ಇದೆ. ಯಾರ ಹತ್ತಿರವಾದರೂ ಎಡ ತಿರುವಿನ ಬ್ಯಾರೆಲ್ ಇದ್ದರೆ ಒಂದು ಭಾನುವಾರ ರೇಂಜಿಗೆ ಬನ್ನಿ. ಎಡಗಾಳಿಯಲ್ಲಿ ಗುಂಡು ನಾಲ್ಕರ ಬದಲು ಎರಡರ ಕಡೆಗೆ ಏರುತ್ತದಾ ಅಂತ ಕಣ್ಣಾರೆ ನೋಡಬೇಕು. ನೀವೇ ಹೊಡೆಯಿರಿ, ಗುಂಡಿನ ದುಡ್ಡು ನಂದು.